ಹೊರದೇಶದ ಸರ್ಕಾರದ ನೆರವು ಕೇಳುವುದು ಹೇಗೆ: ರಾಯಚೂರು ಕಡೆಯ ಸಣ್ಣ ಸಂಸ್ಥೆಗಳಿಗೆ

ತೊಂಬತ್ತರ ದಶಕದಲ್ಲಿ ನಾನು ಮಹಿಳಾ ಸಮಖ್ಯಾ ಎಂಬ, ಹಳ್ಳಿ ಹೆಣ್ಮಕ್ಕಳ ಸಂಘ ಕಟ್ಟುವ ಸರ್ಕಾರಿ ಕಾರ್ಯಕ್ರಮದಲ್ಲಿ ಸಹಯೋಗಿನಿ, ಅಂದರೆ ಹಳ್ಳಿ ತಿರುಗುವ ಕಾರ್ಯಕರ್ತೆ. ಮಾನ್ವಿ ತಾಲ್ಲೂಕಿನ ಹತ್ತು ಹಳ್ಳಿ ನನ್ನ ಪಾಲಿಗೆ ಬಂದಿದ್ದವು. ಹೆಣ್ಮಕ್ಕಳು ಕೂಲಿ ಮುಗಿಸಿ, ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸಿ ಬರುವ ಹೊತ್ತಿಗೆ ರಾತ್ರಿ ಒಂಬತ್ತು ದಾಟುತ್ತಿತ್ತು. ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕಂದೀಲಿಟ್ಟು ಸಂಘದ ಸಭೆ ಮಾಡುತ್ತಿದ್ದೆವು. ಒಂದು ರಾತ್ರಿ ಹಿರಿಯಾಕೆಯೊಬ್ಬಳು ಕೇಳಿದಳು, "ಯವ್ವಾ, ನಿನಗ ಪಗಾರ ಯಾರು ಕೊಡ್ತಾರ?"

"ನೆದರ್‌ಲ್ಯಾಂಡ್ಸ್ ಅಂತ ಒಂದು ದೇಶ ಅದ. ಅಲ್ಲಿನ ಸರ್ಕಾರ ನಮ್ಮ ಸರ್ಕಾರಕ್ಕ ಕೊಡ್ತದ, ನಮ್ಮ ಸರ್ಕಾರ ನಮಗ ಕೊಡ್ತದ."

"ಆ ಸರ್ಕಾರಕ್ಕ ಎಲ್ಲಿಂದ ಬರ್ತದ?"

"ಅಲ್ಲಿನ ಮಂದಿ ಕಟ್ಟೋ ತೆರಿಗೆಯಿಂದ."

ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಹಂಗಾದ್ರ ಅದು ಯಾರೋ ದುಡಿದ ರೊಕ್ಕ. ಅವರಿಗೆ ಯಾರು ಲೆಕ್ಕ ಹೇಳ್ತೀರಿ?"

ಮಹಿಳಾ ಸಮಖ್ಯಾ 1989ರಲ್ಲಿ ಕರ್ನಾಟಕ, ಉತ್ತರ ಪ್ರದೇಶ, ಗುಜರಾತ್‌ಗಳಲ್ಲಿ ಶುರುವಾದದ್ದೇ ಆ ನೆದರ್‌ಲ್ಯಾಂಡ್ಸ್ ಸರ್ಕಾರದ ನೆರವಿನಿಂದ. ಮುಂದೆ ನಾನು ಒಂದು ಸಣ್ಣ ಸಂಸ್ಥೆ ಸೇರಿ ಲೆಕ್ಕ ಬರೆಯುವ ಕೆಲಸಕ್ಕೆ ಕೂತೆ. ಇಪ್ಪತ್ತು ವರ್ಷದ ಮೇಲಾಯಿತು. ಈಗ ಸಿಂಧನೂರು, ದೇವದುರ್ಗ, ಕುಷ್ಟಗಿ, ಸಿರುಗುಪ್ಪ ಕಡೆಯಿಂದ ಹುಡುಗರು, ಹುಡುಗಿಯರು ಫೋನ್ ಮಾಡುತ್ತಾರೆ: "ಅಕ್ಕಾರ, ಎಂಬೆಸಿ ಫಂಡು ತರೋದು ಹೆಂಗ್ರಿ?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ. ಅರ್ಜಿ ಹಾಕುವುದು ಇದರಲ್ಲಿ ಕಡೆಯ ಕೆಲಸ. ಅದಕ್ಕೆ ಮುಂಚಿನದ್ದೇ ಜಾಸ್ತಿ ಇದೆ, ಅಲ್ಲಿಂದಲೇ ಹಿಡಿಯುತ್ತೇನೆ.

ದುಡ್ಡು ಯಾವ ದಾರಿಯಿಂದ ಬರುತ್ತದೆ

ಹೊರದೇಶದ ಸರ್ಕಾರದ ಹಣ ನಮ್ಮ ಹಳ್ಳಿಗೆ ಬರುವ ದಾರಿಗಳು ಬೇರೆಬೇರೆ. ನಿಮಗೆ ತೆರೆದಿರುವುದು ಯಾವುದು ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಸರ್ಕಾರದಿಂದ ಸರ್ಕಾರಕ್ಕೆ, ಇಲ್ಲವೇ ವಿಶ್ವಬ್ಯಾಂಕಿನಂಥ ಸಂಸ್ಥೆಯಿಂದ ಸರ್ಕಾರಕ್ಕೆ ಬರುವ ಹಣ ಎಲ್ಲಕ್ಕಿಂತ ದೊಡ್ಡದು, ಅದರಲ್ಲಿ ಬಹುಪಾಲು ಸಾಲ. ವಿಶ್ವಬ್ಯಾಂಕ್ ಸಾಲದಲ್ಲಿ ಜಲಸಂವರ್ಧನೆ ಯೋಜನಾ ಸಂಘ ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಜಿಲ್ಲೆಗಳಲ್ಲಿ ಕೆರೆ ಹೂಳೆತ್ತಿಸಿದ್ದು ಹಲವರಿಗೆ ನೆನಪಿರಬೇಕು. ಈ ಹಣಕ್ಕೆ ನೀವು ನೇರವಾಗಿ ಅರ್ಜಿ ಹಾಕಲಾಗದು. ಯಾವ ಇಲಾಖೆ ಜಾರಿ ಮಾಡುತ್ತದೋ ಆ ಇಲಾಖೆ ಕರೆಯುವ ಪ್ರಕಟಣೆಯನ್ನು ಕಾಯಬೇಕು. ಈ ದಾರಿಯೂ ವರ್ಷದಿಂದ ವರ್ಷಕ್ಕೆ ಕಿರಿದಾಗಿದೆ. ಬ್ರಿಟನ್ 2012ರಲ್ಲೇ ಹೇಳಿ, 2015ರ ಕೊನೆಗೆ ಭಾರತಕ್ಕೆ ಕೊಡುತ್ತಿದ್ದ ಹಳೆಯ ರೀತಿಯ ಅನುದಾನವನ್ನು ಮುಗಿಸಿತು.

ಎರಡನೆಯದು ರಾಯಭಾರ ಕಚೇರಿಗಳ ಸಣ್ಣ ಅನುದಾನ. ನಮ್ಮಂಥವರಿಗೆ ಹತ್ತಿರದ ಬಾಗಿಲು ಇದೇ. ಜಪಾನ್ ಸರ್ಕಾರ 1989ರಿಂದ ತಳಮಟ್ಟದ ಯೋಜನೆಗಳಿಗೆ ಅನುದಾನ ಕೊಡುತ್ತ ಬಂದಿದೆ. ಶಾಲಾ ಕೋಣೆ, ಆಸ್ಪತ್ರೆಯ ಉಪಕರಣ, ತರಬೇತಿ ಕೇಂದ್ರ, ನೀರಿನ ವ್ಯವಸ್ಥೆ ಇಂಥವಕ್ಕೆ ಅದು ಸಿಗುತ್ತದೆ. ಸಂಬಳಕ್ಕೆ, ಕರೆಂಟು ಬಿಲ್ಲಿಗೆ, ದಿನದ ಖರ್ಚಿಗೆ ಸಿಗುವುದಿಲ್ಲ. ಇದನ್ನು ತಿಳಿಯದೆ ಎಷ್ಟೋ ಮಂದಿ ಮೂರು ವರ್ಷದ ಪಗಾರ ಬರೆದು ಕಳಿಸಿ, ಉತ್ತರ ಬರಲಿಲ್ಲ ಎಂದು ಕೊರಗುತ್ತಾರೆ. ಆಸ್ಟ್ರೇಲಿಯಾಕ್ಕೂ ನೇರ ನೆರವಿನ ಇಂಥದೇ ಒಂದು ಕಾರ್ಯಕ್ರಮ ಇದೆ. ಜಪಾನ್, ಆಸ್ಟ್ರೇಲಿಯಾ ಎರಡೂ ದೇಶದ ಕಾನ್ಸುಲೇಟ್, ಅಂದರೆ ರಾಯಭಾರದ ಶಾಖಾ ಕಚೇರಿ, ಬೆಂಗಳೂರಿನಲ್ಲೇ ಇವೆ. ಅರ್ಜಿ ಕರೆಯುವ ಕಾಲ, ಮೊತ್ತದ ಮಿತಿ ಆಗಾಗ ಬದಲಾಗುತ್ತವೆ, ಹಾಗಾಗಿ ಆ ವರ್ಷದ ಮಾರ್ಗಸೂಚಿಯನ್ನು ಅವರ ವೆಬ್‌ಸೈಟಿನಿಂದಲೇ ಇಳಿಸಿಕೊಂಡು ಓದಿ. ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಹಳೆಯ ಪಿಡಿಎಫ್ ನಂಬಬೇಡಿ.

ಮೂರನೆಯದು ಆ ದೇಶದ ಸ್ವಯಂಸೇವಾ ಸಂಸ್ಥೆಯ ಮೂಲಕ ಬರುವುದು. ಜರ್ಮನಿಯ ಅಭಿವೃದ್ಧಿ ಸಚಿವಾಲಯ ಅಲ್ಲಿನ ಖಾಸಗಿ ಸಂಸ್ಥೆಗಳಿಗೆ ಯೋಜನಾ ವೆಚ್ಚದ ಶೇ 75ರವರೆಗೆ ಕೊಡುತ್ತದೆ. ಮಿಕ್ಕ ಶೇ 25ನ್ನು ಜರ್ಮನಿಯ ಸಂಸ್ಥೆಯೂ ಇಲ್ಲಿನ ಜೊತೆಗಾರ ಸಂಸ್ಥೆಯೂ ಸೇರಿ ಹೊಂದಿಸಬೇಕು. ಕಾಗದದ ಮೇಲೆ ಹಣ ಕೊಡುವವರು ಒಂದು ಸಂಸ್ಥೆ ಇರಬಹುದು, ಆದರೆ ನಿಯಮ ಸರ್ಕಾರದ್ದು. ಅದಕ್ಕೇ ಅವರು ಒಂದು ಪೆನ್ನಿನ ರಸೀದಿಯನ್ನೂ ಬಿಡದೆ ಕೇಳುತ್ತಾರೆ.

ನಾಲ್ಕನೆಯದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳು. ಯುನಿಸೆಫ್‌ನಂಥವಕ್ಕೆ ಹಣ ಕೊಡುವುದೂ ಬಹುಮಟ್ಟಿಗೆ ಸರ್ಕಾರಗಳೇ. ಇಲ್ಲಿ ಒಂದು ವ್ಯತ್ಯಾಸ ಗೊತ್ತಿರಲಿ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಲ್ಲಿ ವಿಶ್ವಸಂಸ್ಥೆ, ಅದರ ವಿಶೇಷ ಅಂಗಸಂಸ್ಥೆಗಳು, ವಿಶ್ವಬ್ಯಾಂಕ್, ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಇವು 'ವಿದೇಶಿ ಮೂಲ' ಅಲ್ಲ. ಜಪಾನ್ ಸರ್ಕಾರ ವಿದೇಶಿ ಮೂಲ. ಜರ್ಮನಿಯ ಸಂಸ್ಥೆಯೂ ವಿದೇಶಿ ಮೂಲ. ವಿದೇಶಿ ಮೂಲದ ಹಣಕ್ಕೇ ಮುಂದೆ ಹೇಳುವ ಎಫ್‌ಸಿಆರ್‌ಎ ಅನುಮತಿ ಬೇಕು.

ನದಿಯಲ್ಲಿ ನೀರು ಎಷ್ಟಿದೆ ನೋಡಿ ಇಳಿಯಿರಿ

ಶ್ರೀಮಂತ ದೇಶಗಳು ತಮ್ಮ ರಾಷ್ಟ್ರೀಯ ಆದಾಯದಲ್ಲಿ ಶೇ 0.7ನ್ನು ಅಭಿವೃದ್ಧಿ ನೆರವಿಗೆ ಕೊಡಬೇಕು ಎಂದು ವಿಶ್ವಸಂಸ್ಥೆ ಒಪ್ಪಿದ್ದು 1970ರಲ್ಲಿ. 2024ರಲ್ಲಿ ಆ ಗೆರೆ ಮುಟ್ಟಿದ್ದು ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್, ಡೆನ್ಮಾರ್ಕ್, ಈ ನಾಲ್ಕೇ ದೇಶ. 2025ರ ಜನವರಿ 20ರಂದು ಅಮೆರಿಕದ ಅಧ್ಯಕ್ಷರು ವಿದೇಶಿ ನೆರವನ್ನು ತಡೆಹಿಡಿದರು. ಜುಲೈ 1ರ ಹೊತ್ತಿಗೆ ಆ ದೇಶದ ನೆರವು ಹಂಚುತ್ತಿದ್ದ ಯುಎಸ್‌ಏಡ್ ಎಂಬ ಸರ್ಕಾರಿ ಸಂಸ್ಥೆಯ ಕೆಲಸವೇ ನಿಂತು, ಉಳಿದದ್ದು ವಿದೇಶಾಂಗ ಇಲಾಖೆಗೆ ಹೋಯಿತು. ಬ್ರಿಟನ್ ತನ್ನ ನೆರವನ್ನು 2027ಕ್ಕೆ ಶೇ 0.5ರಿಂದ 0.3ಕ್ಕೆ ಇಳಿಸುವುದಾಗಿ 2025ರ ಫೆಬ್ರುವರಿಯಲ್ಲಿ ಸಾರಿತು.

ಅಲ್ಲೆಲ್ಲೋ ಒಂದು ಸಹಿ ಬಿದ್ದರೆ ಇಲ್ಲಿ ಒಬ್ಬ ಹುಡುಗಿಯ ಕೆಲಸ ಹೋಗುತ್ತದೆ. ಆಕೆ ಓಡಾಡುತ್ತಿದ್ದ ಹಳ್ಳಿಯ ಬಾಣಂತಿಗೆ ಕಬ್ಬಿಣದ ಗುಳಿಗೆ ನೆನಪಿಸುವವರು ಯಾರೂ ಇರುವುದಿಲ್ಲ. ಅದಕ್ಕೇ ಹೇಳುತ್ತೇನೆ, ಸಂಸ್ಥೆಯ ಎಲ್ಲ ಪಗಾರವನ್ನೂ ಒಂದೇ ದಾನಿಯ ಮೇಲೆ ನಿಲ್ಲಿಸಬೇಡಿ. ಹೊರಗಿನ ನೆರವನ್ನು ಒಮ್ಮೆ ಕಟ್ಟಿ ಮುಗಿಯುವ ಕೆಲಸಕ್ಕೆ ಬಳಸಿ. ದಿನದ ಖರ್ಚಿಗೆ ಊರಿನ ವಂತಿಗೆ, ರಾಜ್ಯ ಸರ್ಕಾರದ ಯೋಜನೆ, ಇಲ್ಲಿನ ಕಂಪನಿಗಳು ಸಮಾಜದ ಕೆಲಸಕ್ಕೆಂದು ತೆಗೆದಿಡುವ ಸಿಎಸ್‌ಆರ್ ಹಣ ಹುಡುಕಿ. ಹೀಗೆ ಮಾಡಿದ ಸಂಸ್ಥೆಗಳು ಕಷ್ಟಪಟ್ಟಾದರೂ ಬಾಗಿಲು ತೆರೆದಿಟ್ಟಿರುವುದನ್ನು ನೋಡಿದ್ದೇನೆ.

ಕೊಡುವವರ ಮನಸ್ಸು ತಿಳಿಯಬೇಕಾದರೆ ನಮ್ಮ ಕೇಂದ್ರ ಬಜೆಟ್ಟನ್ನೇ ತೆರೆದು ನೋಡಿ. ಭಾರತವೂ ಕೊಡುವ ದೇಶ. 1964ರಲ್ಲಿ ಬೇರೆ ದೇಶದವರಿಗೆ ತರಬೇತಿ ಕೊಡುವ ಐಟೆಕ್ ಕಾರ್ಯಕ್ರಮ ಶುರುವಾಯಿತು, 2012ರಲ್ಲಿ ವಿದೇಶಾಂಗ ಸಚಿವಾಲಯದಲ್ಲಿ ಇದಕ್ಕೆಂದೇ ಒಂದು ವಿಭಾಗವಾಯಿತು. ಆ ಸಚಿವಾಲಯದ ಅನುದಾನ ಬೇಡಿಕೆಯ ಪುಟದಲ್ಲಿ ಭೂತಾನ್, ನೇಪಾಳ, ಮಾಲ್ಡೀವ್ಸ್ ಎಂದು ದೇಶವಾರು ಮೊತ್ತ ಅಚ್ಚಾಗಿರುತ್ತದೆ, ಭೂತಾನಿನದೇ ದೊಡ್ಡದು. 'ನಮ್ಮಲ್ಲೇ ನೀರಿಲ್ಲ, ಅಲ್ಲಿಗೇಕೆ' ಎಂದು ನಿಮ್ಮ ಮನಸ್ಸಿಗೆ ಬಂದರೆ, ಟೋಕಿಯೋದಲ್ಲೋ ಬರ್ಲಿನ್ನಿನಲ್ಲೋ ಒಬ್ಬ ಗಾರೆ ಕೆಲಸದವನಿಗೂ ಅದೇ ಬರುತ್ತದೆ. ನಿಮ್ಮ ಅರ್ಜಿ ಅವನಿಗೆ ಉತ್ತರ ಕೊಡುವಂತಿರಬೇಕು.

ಎಫ್‌ಸಿಆರ್‌ಎ

ಈ ಹೆಸರು ಕೇಳಿದರೇ ಹೆದರುವವರಿದ್ದಾರೆ. ಹೆದರಿಕೆ ಬೇಡ, ಆದರೆ ಸಸಾರ ಮಾಡಬೇಡಿ. ಮೇಲೆ ಹೇಳಿದ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯೇ ಇದು. 2010ರ ಕಾಯ್ದೆ, 2020ರಲ್ಲಿ ಬಿಗಿಯಾಗಿ ತಿದ್ದುಪಡಿ ಆಯಿತು. ನೋಂದಣಿಯಾಗಲಿ, ಮುಂಗಡ ಅನುಮತಿಯಾಗಲಿ ಇಲ್ಲದೆ ಹೊರದೇಶದಿಂದ ಒಂದು ರೂಪಾಯಿ ಬಂದರೂ ಅಪರಾಧ.

ಪೂರ್ಣ ನೋಂದಣಿ ಬೇಕೆಂದರೆ ಸಂಸ್ಥೆಗೆ ಮೂರು ವರ್ಷ ತುಂಬಿರಬೇಕು, ಹಿಂದಿನ ಮೂರು ಹಣಕಾಸು ವರ್ಷಗಳಲ್ಲಿ ತನ್ನ ಮುಖ್ಯ ಕೆಲಸಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ನಮ್ಮ ಕಡೆಯ ಹಳ್ಳಿ ಸಂಸ್ಥೆಗೆ ಇದು ದೊಡ್ಡ ಮೊತ್ತ. ಆ ಗೆರೆ ಮುಟ್ಟದವರಿಗೆ ಮುಂಗಡ ಅನುಮತಿಯ ದಾರಿ ಇದೆ. ಅಂದರೆ ಇಂಥ ದಾನಿ, ಇಂಥ ಮೊತ್ತ, ಇಂಥ ಕೆಲಸ ಎಂದು ದಾನಿಯಿಂದ ಒಪ್ಪಿಗೆ ಪತ್ರ ತಂದು, ಆ ಒಂದು ಕೆಲಸಕ್ಕೆ ಮಾತ್ರ ಅನುಮತಿ ಕೇಳುವುದು. ಮೊದಲ ಸಲ ಕೇಳುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಕೆಲಸ ಚೊಕ್ಕವಾಗಿ ಮುಗಿಸಿ ತೋರಿಸಿದ ಮೇಲೆ ಮುಂದಿನದು ಹಗುರಾಗುತ್ತದೆ.

ಮೊದಲು ನೀತಿ ಆಯೋಗದ ಎನ್‌ಜಿಒ ದರ್ಪಣ ಎಂಬ ವೆಬ್‌ಸೈಟಿನಲ್ಲಿ ಸಂಸ್ಥೆಯ ಹೆಸರು ದಾಖಲಿಸಿ ಗುರುತಿನ ಸಂಖ್ಯೆ ಪಡೆಯಿರಿ. ಪದಾಧಿಕಾರಿಗಳೆಲ್ಲರ ಆಧಾರ್ ಬೇಕು. ಇಲ್ಲೇ ನಮ್ಮ ಕಡೆ ಗಾಡಿ ನಿಲ್ಲುವುದು. ಸಂಘದ ನೋಂದಣಿಯಲ್ಲಿ 'ಹುಲಿಗೆಮ್ಮ ಗಂಡ ಬಸಪ್ಪ' ಎಂದಿರುತ್ತದೆ, ಆಧಾರ್‌ನಲ್ಲಿ 'ಹುಲಿಗೆವ್ವ' ಎಂದಿರುತ್ತದೆ, ಪ್ಯಾನ್‌ನಲ್ಲಿ ಇನ್ನೊಂದು. ಅರ್ಜಿಯ ಯೋಚನೆ ಬರುವ ಆರು ತಿಂಗಳು ಮೊದಲೇ ಮೂರೂ ಕಡೆ ಹೆಸರು ಒಂದೇ ಅಕ್ಷರದಲ್ಲಿ ಇರುವಂತೆ ತಿದ್ದಿಸಿಕೊಳ್ಳಿ.

ಹಣ ಬಂದು ಬೀಳುವ ಖಾತೆ ಒಂದೇ, ನವದೆಹಲಿಯ ಸಂಸದ್ ಮಾರ್ಗದ 11ನೇ ನಂಬರಿನಲ್ಲಿರುವ ಎಸ್‌ಬಿಐ ಮುಖ್ಯ ಶಾಖೆ. ಅದನ್ನು ತೆರೆಯಲು ಯಾರೂ ದೆಹಲಿಯ ರೈಲು ಹತ್ತಬೇಕಿಲ್ಲ, ನಿಮ್ಮೂರ ಎಸ್‌ಬಿಐ ಶಾಖೆಯಲ್ಲೇ ಕಾಗದ ಕೊಡಬಹುದು. ಅಲ್ಲಿಂದ ಇಲ್ಲಿನ ಬಳಕೆ ಖಾತೆಗೆ ಹಣ ತರಿಸಿಕೊಳ್ಳಬಹುದು. ಈ ಖಾತೆಗಳಿಗೆ ಊರಿನ ವಂತಿಗೆ, ಸಿಎಸ್‌ಆರ್ ಹಣ, ಯಾರೋ ಕೊಟ್ಟ ಕೈಗಡ ಯಾವುದನ್ನೂ ಬೆರೆಸಬಾರದು. ಖಾತೆಯ ಬಡ್ಡಿಯೂ ವಿದೇಶಿ ವಂತಿಗೆಯೇ, ಅದನ್ನೂ ಲೆಕ್ಕಕ್ಕೆ ತೋರಿಸಬೇಕು.

ಆಡಳಿತ ವೆಚ್ಚ ಶೇ 20 ದಾಟುವಂತಿಲ್ಲ. ಮೊದಲು ಶೇ 50 ಇತ್ತು. ವರ್ಷದ ಲೆಕ್ಕವನ್ನು ಎಫ್‌ಸಿ-4 ನಮೂನೆಯಲ್ಲಿ, ಲೆಕ್ಕಪರಿಶೋಧಕರ ಪ್ರಮಾಣಪತ್ರದೊಂದಿಗೆ, ಡಿಸೆಂಬರ್ 31ರೊಳಗೆ ಸಲ್ಲಿಸಬೇಕು. ಆ ವರ್ಷ ಏನೂ ಬಾರದಿದ್ದರೂ 'ಶೂನ್ಯ' ಎಂದು ಸಲ್ಲಿಸಬೇಕು. ನೋಂದಣಿ ಐದು ವರ್ಷಕ್ಕೆ ಮುಗಿಯುತ್ತದೆ. ಮುಗಿಯುವ ನಾಲ್ಕು ತಿಂಗಳ ಮುಂಚೆಯೇ ನವೀಕರಣದ ಅರ್ಜಿ ಹಾಕಿ ಎಂದು ಗೃಹ ಸಚಿವಾಲಯ 2025ರಲ್ಲಿ ಹೇಳಿದೆ. ಈ ಎರಡು ದಿನಾಂಕವನ್ನು ನಾನು ಕಚೇರಿಯ ಗೋಡೆ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದೇನೆ. ಕ್ಯಾಲೆಂಡರ್ ವರ್ಷಕ್ಕೊಮ್ಮೆ ಬದಲಾಗುತ್ತದೆ, ಗೋಡೆ ಬದಲಾಗುವುದಿಲ್ಲ.

2020ರ ತಿದ್ದುಪಡಿಯಲ್ಲಿ ನಮಗೆ ಹೆಚ್ಚು ಪೆಟ್ಟು ಕೊಟ್ಟದ್ದು ಇನ್ನೊಂದು. ವಿದೇಶಿ ವಂತಿಗೆ ಪಡೆದ ಸಂಸ್ಥೆ ಅದನ್ನು ಬೇರೆ ಸಂಸ್ಥೆಗೆ ವರ್ಗಾಯಿಸುವಂತಿಲ್ಲ. ಮೊದಲು ಬೆಂಗಳೂರಿನ ದೊಡ್ಡ ಸಂಸ್ಥೆಯೊಂದು ಹಣ ತರಿಸಿ, ನೋಂದಣಿ ಇದ್ದ ನಮ್ಮಂಥ ಸಣ್ಣ ಸಂಸ್ಥೆಗಳಿಗೆ ಹಂಚುತ್ತಿತ್ತು. ಇಂಗ್ಲಿಷ್ ಬಾರದ, ಆದರೆ ಕೇರಿ ಕೇರಿಯ ಪರಿಚಯ ಇರುವ ಸಂಘಗಳು ಆ ನೆರಳಲ್ಲಿ ಬದುಕಿದ್ದವು. ಆ ನೆರಳು ಹೋಯಿತು. ಇದು ತಪ್ಪಾಯಿತೆಂದೇ ನನ್ನ ಅಭಿಪ್ರಾಯ, ಆದರೆ ಕಾನೂನು ಕಾನೂನೇ. 'ನಾವು ಬೇರೆ ಹೆಸರಿನ ಬಿಲ್ಲಿನಲ್ಲಿ ಕೊಡುತ್ತೇವೆ' ಎಂದು ಯಾರಾದರೂ ಹೇಳಿದರೆ ಕೈಮುಗಿದು ಬೇಡವೆನ್ನಿ. ಎರಡೂ ಸಂಸ್ಥೆಗಳ ನೋಂದಣಿಗೆ ಕುತ್ತು ಬರುತ್ತದೆ.

ಅರ್ಜಿಯ ತೀರ್ಮಾನ ಸಾಮಾನ್ಯವಾಗಿ 90 ದಿನದಲ್ಲಿ ಎಂದು ಕಾನೂನು ಹೇಳುತ್ತದೆ. ನಿಮ್ಮ ಯೋಜನೆಯಲ್ಲಿ ಒಂದು ವರ್ಷ ಹಿಡಿದುಕೊಳ್ಳಿ. ನಡುವೆ ವಿಚಾರಣೆಗೆ ಅಧಿಕಾರಿಗಳು ಬರುತ್ತಾರೆ. ಕಡತಗಳನ್ನು ಮೇಜಿನ ಮೇಲಿಟ್ಟು ಕೇಳಿದ್ದಕ್ಕೆ ಉತ್ತರ ಹೇಳಿ. 'ಅನುಮತಿ ಕೊಡಿಸುತ್ತೇನೆ' ಎಂದು ಬರುವ ಏಜೆಂಟನಿಗೆ ಒಂದು ಪೈಸೆಯನ್ನೂ ಕೊಡಬೇಡಿ.

ಅರ್ಜಿ ಬರೆಯುವುದು

ಮೊದಲು ಕನ್ನಡದಲ್ಲಿ ಬರೆಯಿರಿ. ನಿಮ್ಮ ಮಾತಿನಲ್ಲಿ ಬರೆದು, ಸಂಘದ ಸಭೆಯಲ್ಲಿ ಓದಿ, ಹೆಣ್ಮಕ್ಕಳು 'ಹೌದು, ಹಿಂಗೇ ಅದ' ಎಂದ ಮೇಲೆ ಇಂಗ್ಲಿಷಿಗೆ ಮಾಡಿಸಿ. ಪದವಿ ಕಾಲೇಜಿನ ಇಂಗ್ಲಿಷ್ ಮೇಷ್ಟ್ರನ್ನು ಕೇಳಿದರೆ ಮಾಡಿಕೊಡುತ್ತಾರೆ. ದುಡ್ಡು ಕೊಟ್ಟು ಬರೆಸಿದ ಅರ್ಜಿಯಲ್ಲಿ ಊರಿನ ವಾಸನೆಯೇ ಇರುವುದಿಲ್ಲ, ಓದುವವರಿಗೆ ಅದು ಒಂದೇ ಪುಟದಲ್ಲಿ ಗೊತ್ತಾಗುತ್ತದೆ.

'ನಮ್ಮದು ಹಿಂದುಳಿದ ಜಿಲ್ಲೆ, ಬಡ ಜನ' ಎಂದು ಶುರು ಮಾಡಬೇಡಿ. ಅಳತೆ ಕೊಡಿ. ನೀರಿನ ಕೆಲಸವಾದರೆ ಊರಿನ ಪ್ರತಿ ಬೋರ್‌ವೆಲ್ ನೀರನ್ನೂ ಪ್ರಯೋಗಾಲಯಕ್ಕೆ ಕಳಿಸಿ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರು ಇಲ್ಲವೇ ಇಲ್ಲವೆಂದಾಗ 1.5ರವರೆಗೆ ಒಪ್ಪಬಹುದು. ನಿಮ್ಮ ಬೋರ್‌ವೆಲ್ಲಿನದು ಎಷ್ಟು? ಆ ಚೀಟಿಯೇ ನಿಮ್ಮ ಅರ್ಜಿಯ ಬೆನ್ನೆಲುಬು.

ಇನ್ನೊಂದು ಅಳತೆ ನಾನೇ ಮಾಡಿದ್ದು. ಒಂದು ಏಪ್ರಿಲ್ ಮುಂಜಾನೆ ಕೊಡ ಹೊತ್ತ ಒಬ್ಬಾಕೆಯ ಹಿಂದೆ ನಾನೂ ಖಾಲಿ ಕೊಡ ಹಿಡಿದು ಹೋದೆ, ಕೈಯಲ್ಲಿ ಗಡಿಯಾರ. ಹೋಗಲು 18 ನಿಮಿಷ. ನಲ್ಲಿಯ ಮುಂದೆ ಪಾಳಿ 41 ನಿಮಿಷ. ತುಂಬಿದ ಕೊಡ ಹೊತ್ತು ವಾಪಸು 25 ನಿಮಿಷ, ನಡುವೆ ಎರಡು ಸಲ ಇಳಿಸಿದಳು. ಆಕೆಗೆ ದಿನಕ್ಕೆ ಇಂಥ ನಾಲ್ಕು ಸುತ್ತು. ಎರಡನೇ ಸುತ್ತಿಗೆ ಆಕೆ ಶಾಲೆಗೆ ಹೊರಟಿದ್ದ ಮಗಳನ್ನು ಕರೆದಳು. ಆ ಬೆಳಿಗ್ಗೆಯನ್ನು ಇದ್ದಂತೆ ಬರೆದೆ, ಒಂದು ವಿಶೇಷಣ ಸೇರಿಸಲಿಲ್ಲ. ಆಮೇಲೆ ಬಂದ ಕಾನ್ಸುಲೇಟಿನ ಅಧಿಕಾರಿ ಮೊದಲು ಕೇಳಿದ್ದೇ 'ಆ ಹುಡುಗಿ ಈಗ ಶಾಲೆಗೆ ಹೋಗುತ್ತಿದ್ದಾಳೆಯೇ' ಎಂದು.

ದಾನಿಗಳು ಔಟ್‌ಪುಟ್, ಔಟ್‌ಕಮ್ ಎಂದು ಬೇರೆಬೇರೆ ಕೇಳುತ್ತಾರೆ. ನಾಲ್ಕು ನಲ್ಲಿ ಹಾಕಿದ್ದು ಔಟ್‌ಪುಟ್. ಆ ಹುಡುಗಿ ಮೊದಲನೇ ಗಂಟೆ ಹೊಡೆಯುವಾಗ ಶಾಲೆಯಲ್ಲಿರುವುದು ಔಟ್‌ಕಮ್. ಮೊದಲನೆಯದಕ್ಕೆ ಫೋಟೋ ಸಾಕು, ಎರಡನೆಯದಕ್ಕೆ ಶಾಲೆಯ ಹಾಜರಿ ಪುಸ್ತಕ ಬೇಕು. ಕೆಲಸ ಶುರುವಾಗುವ ಮುಂಚಿನ ವರ್ಷದ ಹಾಜರಿಯನ್ನೂ ನಕಲು ಮಾಡಿಟ್ಟುಕೊಳ್ಳಿ, ಇಲ್ಲದಿದ್ದರೆ ಆಮೇಲೆ ಯಾವುದಕ್ಕೆ ಹೋಲಿಸುತ್ತೀರಿ?

ಕೆಲಸದ ವೇಳಾಪಟ್ಟಿಯನ್ನು ಊರಿನ ವರ್ಷಕ್ಕೆ ಹೊಂದಿಸಿ. ಮಳೆಯಾಶ್ರಿತ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಅರ್ಧ ಕೇರಿ ಬೆಂಗಳೂರಿಗೆ ಗುಳೆ ಹೋಗಿರುತ್ತದೆ. ಮಾರ್ಚಿನಲ್ಲಿ ತರಬೇತಿ ಇಟ್ಟರೆ ಮುದುಕರು ಮಾತ್ರ ಬರುತ್ತಾರೆ. ಕಾಲುವೆ ಕೆಳಗಿನ ಹಳ್ಳಿಯಲ್ಲಿ ಭತ್ತ ನಾಟಿಯ ವಾರ ಯಾರೂ ಸಿಗುವುದಿಲ್ಲ. ಇದನ್ನು ಅರ್ಜಿಯಲ್ಲೇ ಬರೆಯಿರಿ, ಅವರಿಗೆ ಗೊತ್ತಿರುವುದಿಲ್ಲ.

ಕಟ್ಟಡವಾದರೆ ಜಾಗದ ಪಹಣಿ, ದಾನಪತ್ರ, ಪಂಚಾಯಿತಿಯ ಠರಾವು ಮೂರೂ ಕೈಯಲ್ಲಿರಲಿ. 'ಗೌಡ್ರು ಬಾಯಿಮಾತಿನಲ್ಲಿ ಕೊಟ್ಟಿದ್ದಾರೆ' ಎಂಬುದು ನಡೆಯುವುದಿಲ್ಲ.

ಇನ್ನು ವಿನಿಮಯ ದರ. 20,000 ಯೂರೋ ಮಂಜೂರಾಯಿತು ಅನ್ನಿ. ಯೂರೋಗೆ 90 ರೂಪಾಯಿ ಹಿಡಿದು 18 ಲಕ್ಷದ ಬಜೆಟ್ ಮಾಡಿದಿರಿ. ಹಣ ಬರುವ ದಿನ 86 ಆಗಿದ್ದರೆ 17 ಲಕ್ಷ 20 ಸಾವಿರ ಮಾತ್ರ. ಆ 80 ಸಾವಿರವನ್ನು ಗಾರೆಯವನಿಗೆ ಯಾರು ಕೊಡಬೇಕು? ದರ ಇಳಿದರೆ ಯಾವ ಬಾಬ್ತು ಕಡಿಮೆ ಮಾಡುತ್ತೇವೆ ಎಂದು ಮೊದಲೇ ಬರೆದು ಒಪ್ಪಿಸಿಕೊಳ್ಳಿ.

ಮೂರು ಕೊಟೇಶನ್ನು

ಸರ್ಕಾರಿ ದುಡ್ಡು ಯಾವ ದೇಶದ್ದಾದರೂ ಮೂರು ಅಂಗಡಿಯ ಕೊಟೇಶನ್ ಕೇಳುತ್ತದೆ. ನನ್ನ ಮೊದಲ ಅರ್ಜಿ ವಾಪಸು ಬಂದದ್ದು ಇದರಲ್ಲೇ.

ಒಂದು ಊರಿಗೆ ನೀರು ತರುವ ಕೆಲಸ. ಪಂಪು, ಪೈಪು, ಟ್ಯಾಂಕಿಗೆ ದರ ತರಬೇಕಿತ್ತು. ನಮ್ಮ ಹುಡುಗನೊಬ್ಬನನ್ನು ಪೇಟೆಗೆ ಕಳಿಸಿದೆ. ಸಂಜೆಗೆ ಮೂರು ಲೆಟರ್‌ಹೆಡ್ಡಿನ ಕಾಗದ ತಂದ. ನೋಡದೆ ಲಗತ್ತಿಸಿದೆ. ಎರಡು ತಿಂಗಳಿಗೆ ಕಡತ ತಿರುಗಿ ಬಂತು. ಮೂರೂ ಕಾಗದದಲ್ಲಿ ಒಂದೇ ಪದಕ್ಕೆ ಯಾರೋ ಪೆನ್ಸಿಲಿನಲ್ಲಿ ಗುಂಡು ಸುತ್ತಿದ್ದರು. 'ಗ್ಯಾಲ್ವನೈಸ್ಡ್' ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ಬಗೆಯ ತಪ್ಪು ಕಾಗುಣಿತ, ಮೂರಕ್ಕೆ ಮೂರರಲ್ಲೂ. ಒಂದೇ ಅಂಗಡಿಯವನು ತನ್ನ ಭಾವಂದಿರ ಲೆಟರ್‌ಹೆಡ್ ತಗೊಂಡು ಮೂರನ್ನೂ ತಾನೇ ಟೈಪ್ ಮಾಡಿಕೊಟ್ಟಿದ್ದ. ಹುಡುಗನಿಗೆ ಅದು ಸಹಾಯ ಅನ್ನಿಸಿತ್ತು. ಜವಾಬ್ದಾರಿ ನನ್ನದು, ಸಹಿ ನನ್ನದು. ಆ ಊರಿಗೆ ನೀರು ಬರುವುದು ಒಂದು ವರ್ಷ ತಡವಾಯಿತು. ಒಂದು ಬೇಸಿಗೆ ಎಂದರೆ ನಮ್ಮ ಕಡೆ ಏನೆಂದು ನಿಮಗೆ ಗೊತ್ತು.

ಈಗ ಹೀಗೆ ಮಾಡುತ್ತೇನೆ: ಬೇಕಾದ ಸಾಮಾನಿನ ಪಟ್ಟಿಯನ್ನು, ಅಳತೆ, ಗುಣಮಟ್ಟ, ಐಎಸ್‌ಐ ಗುರುತು ಸಮೇತ ನಾವೇ ಟೈಪ್ ಮಾಡಿ ಸಂಸ್ಥೆಯ ಮುದ್ರೆ ಹಾಕಿ ಮೂರು ಪ್ರತಿ ತೆಗೆಯುತ್ತೇವೆ. ಇಬ್ಬರು ಹೋಗುತ್ತಾರೆ, ಒಬ್ಬರು ಸಿಬ್ಬಂದಿ, ಒಬ್ಬರು ಊರಿನ ಸಮಿತಿಯ ಹೆಣ್ಮಗಳು. ಒಂದು ಕೊಟೇಶನ್ ಮಾನ್ವಿಯದು, ಒಂದು ರಾಯಚೂರಿನದು, ಒಂದು ಸಿಂಧನೂರಿನದು. ಜಿಎಸ್‌ಟಿ ಸಂಖ್ಯೆಯನ್ನು ಅವತ್ತೇ ಫೋನಿನಲ್ಲಿ ಜಿಎಸ್‌ಟಿ ಪೋರ್ಟಲಿಗೆ ಹಾಕಿ ಮಾಲೀಕರ ಹೆಸರು ನೋಡುತ್ತೇವೆ. ಕಡಿಮೆ ದರದವನನ್ನು ಬಿಟ್ಟು ಬೇರೆಯವನಿಂದ ಕೊಂಡರೆ ಯಾಕೆಂದು ನಾಲ್ಕು ಸಾಲು ಠರಾವಿನಲ್ಲಿ ಬರೆಯುತ್ತೇವೆ. ರಿಪೇರಿಗೆ ಊರಿಗೆ ಬರುತ್ತಾನೆ ಎಂಬುದು ಒಳ್ಳೆಯ ಕಾರಣವೇ, ಬರೆದಿರಬೇಕು ಅಷ್ಟೆ.

ಬಿಲ್ಲು ಬಿಳಿಯಾಗುತ್ತದೆ

ಯಾವ ತರಬೇತಿಯಲ್ಲೂ ಹೇಳದ ಒಂದು ಮಾತು. ಪೆಟ್ರೋಲ್ ಬಂಕು, ಬಸ್ಸು, ಎಟಿಎಂ ಕೊಡುವ ನುಣುಪು ಕಾಗದದ ಚೀಟಿ ಇದೆಯಲ್ಲ, ಅದರ ಮೇಲಿನ ಅಕ್ಷರ ಬಿಸಿಗೆ ಅಳಿಯುತ್ತದೆ. ಮೇ ತಿಂಗಳಲ್ಲಿ ತಗಡಿನ ಕೋಣೆಯಲ್ಲಿ ಕಡತ ಇಟ್ಟರೆ ಜುಲೈಗೆ ಬಿಳಿ ಹಾಳೆ. ಒಮ್ಮೆ ಪರಿಶೋಧಕರು 31 ಚೀಟಿ ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು, ಒಂದರಲ್ಲೂ ಏನೂ ಇಲ್ಲ. ಅಷ್ಟನ್ನೂ ನಮ್ಮ ಕೈಯಿಂದ ಕಟ್ಟಿದೆವು. ಅಂಥ ಚೀಟಿ ಕೈಗೆ ಬಂದ ದಿನವೇ ಜೆರಾಕ್ಸ್ ಮಾಡಿಸಿ, ಮೂಲವನ್ನು ಅದರ ಹಿಂದೆ ಅಂಟಿಸಿ, ದಿನಾಂಕ ಮೊತ್ತವನ್ನು ಬಾಲ್ ಪೆನ್ನಿನಲ್ಲಿ ಮೇಲೆ ಬರೆಯಿರಿ.

ಪ್ರತಿ ವೋಚರಿನ ಮೇಲೆ ಯಾವ ಯೋಜನೆ, ಬಜೆಟ್ಟಿನ ಎಷ್ಟನೇ ಸಾಲು ಎಂದು ಬರೆಯಿರಿ. 'ಇತರೆ' ಎಂಬ ಬಾಬ್ತೇ ಬೇಡ. ಕೂಲಿ ಹಾಜರಿಯಲ್ಲಿ ಹೆಬ್ಬೆಟ್ಟು ಒತ್ತಿದ ಕಡೆ ಪಕ್ಕದಲ್ಲಿ ಹೆಸರು ಬರೆದು, ಬರೆದವರು ಯಾರೆಂದೂ ಬರೆಯಿರಿ. ಹಣ ಕಂತಿನಲ್ಲಿ ಬರುತ್ತದೆ. ಮೊದಲ ಕಂತಿನ ಲೆಕ್ಕ ಹೋಗದೆ ಎರಡನೆಯದು ಬಿಡುಗಡೆಯಾಗುವುದಿಲ್ಲ, ಆದ್ದರಿಂದ ಲೆಕ್ಕವನ್ನು ವಾರಕ್ಕೊಮ್ಮೆ ಮುಗಿಸಿ, ಮಾರ್ಚಿಗೆ ಕಾಯಬೇಡಿ.

ಮತ್ತೆ ಮೂರು ತಿಂಗಳಿಗೊಮ್ಮೆ ಆ ಲೆಕ್ಕವನ್ನು ಊರಿನ ಸಭೆಯಲ್ಲಿ ಜೋರಾಗಿ ಓದಿ. ದಾನಿ ಕೇಳದಿದ್ದರೂ ಓದಿ. ಒಮ್ಮೆ ನಾನು 'ಮರಳು, ಎಂಟು ಟ್ರ್ಯಾಕ್ಟರ್' ಎಂದು ಓದಿದಾಗ ಹಿಂದೆ ಕೂತಿದ್ದಾಕೆ ಎದ್ದು ನಿಂತಳು: "ಅಕ್ಕಾರ, ಏಳೇ ಬಂದಿದ್ದು. ನಮ್ಮ ಮನಿ ಮುಂದೇ ಸುರುವಿದ್ದು, ನಾ ಎಣಿಸೀನಿ." ಆಕೆ ಹೇಳಿದ್ದೇ ಸರಿ. ಬಿಲ್ಲು ತಿದ್ದಿಸಿದೆವು. ದೆಹಲಿಯಿಂದ ಬರುವ ಯಾವ ಪರಿಶೋಧಕರಿಗೂ ಆ ಎಂಟನೇ ಟ್ರ್ಯಾಕ್ಟರ್ ಸಿಗುತ್ತಿರಲಿಲ್ಲ.

ಹೊಳೆ ಬಂದಾಗ

ತುರ್ತು ಪರಿಹಾರದ ಹಣದ ದಾರಿ ಬೇರೆ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಉಕ್ಕಿ ಮಂತ್ರಾಲಯ ಮುಳುಗಿದಾಗ ನಮ್ಮ ದಂಡೆಯ ಹಳ್ಳಿಗಳೂ ನೀರಿನಲ್ಲಿದ್ದವು. ಇಂಥ ಹೊತ್ತಿನಲ್ಲಿ ಹೊರದೇಶದ ಸರ್ಕಾರಗಳ ಹಣ, ಬಂದರೆ, ಮೊದಲೇ ಒಪ್ಪಂದ ಮಾಡಿಕೊಂಡ ದೊಡ್ಡ ಸಂಸ್ಥೆ, ರೆಡ್‌ಕ್ರಾಸ್, ವಿಶ್ವಸಂಸ್ಥೆಯ ಅಂಗಗಳಿಗೆ ಹೋಗುತ್ತದೆ. ಭಾರತ ಸರ್ಕಾರ ತಾನಾಗಿ ಹೊರಗಿನ ಸರ್ಕಾರಗಳ ಪರಿಹಾರವನ್ನು 2004ರ ಸುನಾಮಿಯಿಂದ ಈಚೆಗೆ ಸಾಮಾನ್ಯವಾಗಿ ಒಪ್ಪುತ್ತಿಲ್ಲ, 2018ರ ಕೇರಳ ಪ್ರವಾಹದಲ್ಲೂ ಒಪ್ಪಲಿಲ್ಲ. ಆದ್ದರಿಂದ ನೀರು ಬಂದ ವಾರ ಕೂತು ಎಂಬೆಸಿಗೆ ಪತ್ರ ಬರೆಯಬೇಡಿ.

ಆ ವಾರ ನಿಮ್ಮಿಂದ ಮಾತ್ರ ಆಗುವ ಕೆಲಸವೆಂದರೆ ಪಟ್ಟಿ. 2009ರಲ್ಲಿ ಮೊದಲ ಎರಡು ದಿನ ಲಾರಿಗಟ್ಟಲೆ ಬಂದದ್ದೆಲ್ಲ ಡಾಂಬರು ರಸ್ತೆಯ ಪಕ್ಕದ ಊರಿಗೇ ಇಳಿಯಿತು. ಹೊಳೆ ಕಡೆಯ ಕೇರಿಗೆ ಮೂರನೇ ದಿನ ಸಂಜೆ ಮೊದಲ ಅಕ್ಕಿ ಚೀಲ ಮುಟ್ಟಿತು. ಆ ಕೇರಿಯಲ್ಲಿ ಎಷ್ಟು ಮನೆ, ಎಷ್ಟು ಕೂಸು, ಯಾರು ಬಸುರಿ ಎಂದು ಬರೆದ ಒಂದು ಹಾಳೆ ಯಾರ ಕೈಯಲ್ಲೂ ಇರಲಿಲ್ಲ, ನನ್ನ ಕೈಯಲ್ಲೂ ಇರಲಿಲ್ಲ. ಈಗ ಪ್ರತಿ ವರ್ಷ ಜೂನಿಗೆ ಮುಂಚೆ ಹೊಳೆ ದಂಡೆಯ ಊರುಗಳ ಮನೆವಾರು ಪಟ್ಟಿ ಹೊಸದು ಮಾಡುತ್ತೇವೆ: ಯಜಮಾನಿಯ ಹೆಸರು, ರೇಷನ್ ಕಾರ್ಡ್, ಐದು ವರ್ಷದೊಳಗಿನ ಮಕ್ಕಳು, ನಡೆಯಲಾರದವರು, ದನ ಎಷ್ಟು. ಒಂದು ಪ್ರತಿ ಪಂಚಾಯಿತಿಗೆ, ಒಂದು ತಹಶೀಲ್ದಾರರಿಗೆ.

ಕೇಳುವಾಗ ಅಂದಾಜಿಗೆ ಕೇಳಬೇಡಿ. ಸ್ಫಿಯರ್ ಎಂಬ ಅಂತರರಾಷ್ಟ್ರೀಯ ಮಾನದಂಡವನ್ನು ದೊಡ್ಡ ಪರಿಹಾರ ಸಂಸ್ಥೆಗಳೆಲ್ಲ ಬಳಸುತ್ತವೆ. ಅದರ ಪ್ರಕಾರ ಒಬ್ಬರಿಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಮಲಗಲು ಬದುಕಲು 3.5 ಚದರ ಮೀಟರ್ ಜಾಗ. 240 ಜನ ಶಾಲೆಯಲ್ಲಿದ್ದಾರೆ ಎಂದರೆ ದಿನಕ್ಕೆ 3,600 ಲೀಟರ್, ಅಂದರೆ 4,000 ಲೀಟರಿನ ಒಂದು ಟ್ಯಾಂಕರ್ ಪ್ರತಿದಿನ. ಜಾಗ 840 ಚದರ ಮೀಟರ್, ಆ ಶಾಲೆಯಲ್ಲಿ ಅಷ್ಟಿದೆಯೇ? ಹೀಗೆ ಲೆಕ್ಕ ಹಾಕಿ ಹೇಳಿದರೆ ಜಿಲ್ಲಾಡಳಿತವೂ ಕೇಳುತ್ತದೆ, ದೊಡ್ಡ ಸಂಸ್ಥೆಯೂ ಕೇಳುತ್ತದೆ.

ಮುಗಿದ ಮೇಲೆ

ಕೆಲಸ ಮುಗಿದಾಗ ಫಲಕ ಹಾಕಬೇಕು. ಜಪಾನಿನದಾದರೆ ಬಾವುಟದ ಜೊತೆ 'ಜಪಾನಿನ ಜನರಿಂದ' ಎಂದಿರುತ್ತದೆ. ಯುಎಸ್‌ಏಡ್ ಇದ್ದ ಕಾಲಕ್ಕೆ 'ಅಮೆರಿಕದ ಜನರಿಂದ' ಎಂದಿರುತ್ತಿತ್ತು. ಸರ್ಕಾರದಿಂದ ಎಂದು ಬರೆಯುವುದಿಲ್ಲ. ಅದರ ಕೆಳಗೆ ಕನ್ನಡದಲ್ಲಿ ಒಟ್ಟು ಮೊತ್ತವನ್ನೂ ಊರಿನ ವಂತಿಗೆಯನ್ನೂ ಬರೆಸಿ.

ಆಸ್ತಿ ಪುಸ್ತಕ ಇಡಿ. ಮೋಟಾರು, ಟ್ಯಾಂಕು, ಕುರ್ಚಿ ಒಂದೊಂದಕ್ಕೂ ಸಂಖ್ಯೆ, ಕೊಂಡ ದಿನ, ಬೆಲೆ, ಈಗ ಎಲ್ಲಿದೆ. ವಿದೇಶಿ ವಂತಿಗೆಯಲ್ಲಿ ಕೊಂಡ ಸಾಮಾನು ಮಾರಿದರೆ ಬರುವ ಹಣವೂ ವಿದೇಶಿ ವಂತಿಗೆಯೇ, ಅದೇ ಖಾತೆಗೆ ಕಟ್ಟಬೇಕು. ಎರಡು ಮೂರು ವರ್ಷ ಬಿಟ್ಟು ದಾನಿಗಳು ನೋಡಲು ಬರುತ್ತಾರೆ. ಶುದ್ಧ ನೀರಿನ ಘಟಕಗಳು ಬೀಗ ಹಾಕಿ ನಿಂತ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅವರೂ ಅದನ್ನು ದಾರಿಯಲ್ಲಿ ನೋಡಿಕೊಂಡೇ ಬರುತ್ತಾರೆ. ಅದಕ್ಕೆ ಮೊದಲ ದಿನದಿಂದಲೇ ಮನೆಗಿಷ್ಟು ಎಂದು ರಿಪೇರಿ ನಿಧಿ ಎತ್ತಿ, ಹೆಣ್ಮಕ್ಕಳ ಹೆಸರಿನ ಜಂಟಿ ಖಾತೆಯಲ್ಲಿಡಿ.

ನಮ್ಮ ಆ ಊರಿನ ಆಸ್ತಿ ಪುಸ್ತಕ ಈಗ ಸಮಿತಿಯ ಬಳಿಯೇ ಇದೆ. ಹೋದ ಬೇಸಿಗೆಯಲ್ಲಿ ನೋಡಿದೆ. ಕೊನೆಯ ಸಾಲು ನನ್ನ ಅಕ್ಷರವಲ್ಲ, ಹೊಸದಾಗಿ ಬರೆಯಲು ಕಲಿತವರ ದುಂಡು ಅಕ್ಷರ: 'ಮೋಟಾರು ಸುಟ್ಟಿತ್ತು. ವೈಂಡಿಂಗ್ 3,200. ನಿಧಿಯಿಂದ ಕೊಟ್ಟಿದೆ. ಬಿಲ್ಲು ಜೆರಾಕ್ಸ್ ಆಗಿದೆ.'